ಮನೆಯ ಹೊಸ ಶಾನುಭೋಗರಿಗೆ

ಮಗೂ, ಈಗ ಮನೆಯಲ್ಲಿ ಏನೇ ಆಗಬೇಕಾದರೂ ನಿನ್ನನ್ನೇ ಕೂಗುತ್ತಾರೆ. ಅಜ್ಜಿಯ ಪಿಂಚಣಿ ಬಂತೇ, ಗೃಹಲಕ್ಷ್ಮಿಯ ಎರಡು ಸಾವಿರ ಅಮ್ಮನ ಖಾತೆಗೆ ಬಿತ್ತೇ, ಕರೆಂಟ್ ಬಿಲ್ಲು ಎಷ್ಟಾಯಿತು, ಜಮೀನಿನ ಪಹಣಿ ತೆಗೆದುಕೊಡು, ಗ್ಯಾಸ್ ಬುಕ್ ಮಾಡು. ಹದಿನೆಂಟು ಇಪ್ಪತ್ತರ ವಯಸ್ಸಿಗೇ ಮನೆಯ ಲೆಕ್ಕಪತ್ರವೆಲ್ಲ ನಿನ್ನ ಕೈಗೆ ಬಂದಿದೆ. ನಮ್ಮ ಕಾಲದಲ್ಲಿ ಆ ವಯಸ್ಸಿನವರು ಅಪ್ಪನ ಪೆಟ್ಟಿಗೆಯ ಬೀಗದ ಕೈ ಮುಟ್ಟುವಂತೆಯೂ ಇರಲಿಲ್ಲ. ನಿನಗೆ ಬಂದಿರುವ ಈ ಅಧಿಕಾರ ಎಂಥದ್ದು ಅಂತ ಹೇಳಬೇಕಾದರೆ ನಾನು ಶಾನುಭೋಗರ ಕಾಲದಿಂದ ಶುರುಮಾಡಬೇಕು.

ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ತಂದೆಯಿಂದ ಮಗನಿಗೆ ಬರುವ ಕೆಲಸ. ಅವರೆಲ್ಲ ಕೆಟ್ಟವರೇನಲ್ಲ, ಊರಿನ ಕಷ್ಟಕ್ಕೆ ಆದವರೂ ಇದ್ದರು. ಆದರೆ ಓದು ಬಾರದ ರೈತ ತನ್ನದೇ ಹೊಲದ ಸರ್ವೆ ನಂಬರಿನ ಮುಂದೆ ಯಾರ ಹೆಸರಿದೆ ಎಂದು ತಿಳಿಯಲು ಇನ್ನೊಬ್ಬರ ಜಗಲಿಯ ಕೆಳಗೆ ನಿಲ್ಲಬೇಕಿತ್ತು. ಪುಸ್ತಕವೂ ಅವರದೇ, ಅಕ್ಷರವೂ ಅವರದೇ. 1961ರ ಕಾಯಿದೆ ಆ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತು, ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬರ ಕಂಕುಳಲ್ಲೇ ಉಳಿಯಿತು.

ಆ ಪುಸ್ತಕವನ್ನು ಕಂಕುಳಿನಿಂದ ಬಿಡಿಸಿದ್ದು 'ಭೂಮಿ' ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 2000ದ ಆಚೀಚೆ ಒಂದೊಂದೇ ತಾಲ್ಲೂಕು ಕಚೇರಿಯಲ್ಲಿ ಕಿಟಕಿ ತೆರೆಯಿತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಖಾತೆ ಬದಲಾವಣೆಗೆ ಮೊದಲು ಅರ್ಜಿ ಕೊಟ್ಟವರದು ಮೊದಲು ಎಂಬ ಸರದಿಯನ್ನು ಕಂಪ್ಯೂಟರೇ ಇಟ್ಟುಕೊಂಡಿತು. ನಿನಗೆ ಇದು ದೊಡ್ಡದೆನಿಸದು. ಒಂದು ಕಾಗದಕ್ಕಾಗಿ ವಾರಗಟ್ಟಲೆ ಅಲೆದು, ಕೈ ಬಿಸಿ ಮಾಡಿ, ಆಮೇಲೂ ಕೈ ಮುಗಿದು ಬಂದವರ ಮಕ್ಕಳಿಗೆ ಅದು ಬಿಡುಗಡೆಯೇ ಆಗಿತ್ತು. ಹಾಗಂತ ಜಗಳಗಳೆಲ್ಲ ಮುಗಿಯಲಿಲ್ಲ. ತಪ್ಪಾಗಿ ಟೈಪಾದ ಒಂದು ಹೆಸರನ್ನು ತಿದ್ದಿಸಲು ಇವತ್ತಿಗೂ ತಹಸೀಲ್ದಾರರ ಕಚೇರಿ ಮೆಟ್ಟಿಲು ಹತ್ತುವವರಿದ್ದಾರೆ.

ಆಮೇಲಿನದು ನಿನ್ನ ಕಣ್ಣೆದುರೇ ಆಯಿತು. 2016ರ ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಗ್ಗವಾದ ಇಂಟರ್ನೆಟ್, ನವೆಂಬರ್ 8ರ ರಾತ್ರಿ ನೋಟು ರದ್ದು. ಒಂದೇ ವರ್ಷದಲ್ಲಿ ಬಂದ ಈ ಮೂರೂ ಸೇರಿ ಹೂ ಮಾರುವವಳ ಬುಟ್ಟಿಗೂ ಕ್ಯೂಆರ್ ಕೋಡ್ ಅಂಟಿಸಿದವು. ಬ್ಯಾಂಕಿನ ಕಾಗದ, ಜಮೀನಿನ ಕಾಗದ, ರೇಷನ್ನಿನ ಕಾಗದ ಎಲ್ಲವೂ ಒಂದೇ ಗಾಜಿನ ಹಲಗೆಯೊಳಗೆ ಬಂದು ಕೂತವು. ಅದನ್ನು ಓದಬಲ್ಲವನು ಮನೆಯಲ್ಲಿ ನೀನೊಬ್ಬ. ಅಜ್ಜಿ ಈಗ ನಿನ್ನ ಜಗಲಿಯ ಕೆಳಗೆ ನಿಂತಿದ್ದಾಳೆ ಮಗೂ.

ನೀನು ಕೆಟ್ಟವನಲ್ಲ, ನನಗೆ ಗೊತ್ತು. ಆದರೆ "ನಿನಗೆ ಅರ್ಥ ಆಗಲ್ಲ, ಕೊಡಿಲ್ಲಿ" ಎಂದು ಫೋನು ಕಿತ್ತುಕೊಳ್ಳುವುದನ್ನು ಕಂಡಿದ್ದೇನೆ. ಅಜ್ಜಿಯ ಪಿನ್ನು ಮೊಮ್ಮಗನಿಗೆ ಗೊತ್ತು, ಅಜ್ಜಿಗೇ ಗೊತ್ತಿಲ್ಲ. ಇಂಥ ಮನೆಗಳು ಎಷ್ಟೋ. ಪಿಂಚಣಿ ಬಂದದ್ದನ್ನು ಅವನು ಹೇಳಿದಾಗಲೇ ಆಕೆ ತಿಳಿಯಬೇಕು. ಅದರಲ್ಲಿ ಇನ್ನೂರು ರೂಪಾಯಿ ಅವನ ರೀಚಾರ್ಜಿಗೆ ಹೋದರೆ ಕೇಳುವವರಿಲ್ಲ. ಇದನ್ನು ಸಣ್ಣ ವಿಷಯ ಎನ್ನಬೇಡ. ತನ್ನ ದುಡ್ಡು ಎಷ್ಟಿದೆ ಎಂದು ತಾನೇ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ ಹೆಂಗಸಿನಿಂದ ಆ ಎಣಿಕೆಯನ್ನೇ ಕಸಿದುಕೊಂಡ ಹಾಗೆ.

ಕಲಿಸು. ನಾಲ್ಕು ಸಲ ಮರೆತರೆ ಐದನೆಯ ಸಲ ಹೇಳಿಕೊಡು, ನಿನಗೆ ಅಕ್ಷರ ತಿದ್ದಿಸುವಾಗ ಯಾರೂ ಗಡಿಯಾರ ನೋಡಲಿಲ್ಲ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿಕೊಡು. ಪಿನ್ನನ್ನು ಆಕೆಯೇ ಒತ್ತಲಿ, ನೀನು ಮುಖ ತಿರುಗಿಸು. ದುಡ್ಡು ಕೊಡಲು ಪಿನ್ ಬೇಕು, ಬರಲು ಪಿನ್ ಬೇಡ: ಈ ಒಂದು ಮಾತು ಬಾಯಿಪಾಠವಾದರೆ ಅರ್ಧ ಮೋಸ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ. ಬಟನ್ ಫೋನೇ ಸಾಕು ಎನ್ನುವವರಿಗೆ 2022ರಿಂದ ಯುಪಿಐ 123ಪೇ ಇದೆ, ಇಂಟರ್ನೆಟ್ ಇಲ್ಲದೆಯೂ ಹಣ ಕಳಿಸಬಹುದು. ಕಣ್ಣು ಕಾಣದೆ ನೀನೇ ಮಾಡು ಎಂದರೆ, ಪಕ್ಕದಲ್ಲಿ ಕೂತು ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಗಟ್ಟಿಯಾಗಿ ಓದಿ ಹೇಳಿ ಮಾಡು.

ಬೆರಳಚ್ಚಿನ ಸಂಗತಿ ಇನ್ನೂ ಕಷ್ಟದ್ದು. ಸಿಮೆಂಟು ಕಲಸಿದ, ಕಳೆ ಕಿತ್ತ, ಪಾತ್ರೆ ತಿಕ್ಕಿದ ಬೆರಳುಗಳ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಅವು ಕಾಣುವುದಿಲ್ಲ. ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಸರದಿಯಲ್ಲಿ ನಿಂತ ಮುದುಕಿಗೆ ಇದು ಗೊತ್ತಿರುವುದಿಲ್ಲ, ನಿನಗೆ ಗೊತ್ತಿರಲಿ. ಅವಳು ಖಾಲಿ ಚೀಲ ಹಿಡಿದು ತಿರುಗಿದರೆ ಜೊತೆಗೆ ಹೋಗಿ ಕೇಳು. ಅವಳು ನಿನ್ನ ಅಜ್ಜಿಯೇ ಆಗಿರಬೇಕಿಲ್ಲ.

ಅದೇ ಬೆರಳನ್ನು ಕಳ್ಳರೂ ಕದಿಯುತ್ತಾರೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಪಾವತಿಯ ದಾರಿಯಿಂದ ಖಾತೆಗಳ ಹಣ ತೆಗೆದರು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಹಿರಿಯರಿಗೆ ಹಾಕಿಕೊಡು, ಆದರೆ ರೇಷನ್ನಿನ ದಿನ ತೆಗೆಯಬೇಕು ಎಂಬುದನ್ನೂ ಹೇಳಿಯೇ ಹಾಕು. ಇಲ್ಲದಿದ್ದರೆ ನೀನು ಹಾಕಿದ ಬೀಗಕ್ಕೆ ಅವರೇ ಹೊರಗೆ ಉಳಿಯುತ್ತಾರೆ.

ಇನ್ನು ಹೆದರಿಸುವವರು. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಅನ್ನುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ಹಾಗೊಂದು ಬಂಧನವೇ ಇಲ್ಲ. ಬಲೆಗೆ ಬೀಳುವವರು ಓದು ಬಾರದವರಷ್ಟೇ ಅಲ್ಲ, ನಿವೃತ್ತ ಅಧಿಕಾರಿಗಳು, ವೈದ್ಯರು, ಪ್ರಾಧ್ಯಾಪಕರೂ ಬಿದ್ದಿದ್ದಾರೆ. ಕಾನೂನಿಗೆ ಅಂಜಿ ಬದುಕಿದವರಿಗೇ ಆ ಭಯ ಹೆಚ್ಚು. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಹಿಡಿಯಲು ಸಾಧ್ಯವಿದೆ. ಹಿರಿಯರು ಕರೆ ಮಾಡದೆ ಸುಮ್ಮನಾಗುವುದು ಮಕ್ಕಳು ಬೈಯುತ್ತಾರೆಂಬ ನಾಚಿಕೆಯಿಂದ. ಆದ್ದರಿಂದ ಬೈಯಬೇಡ. ನಿನ್ನ ಒಂದು ಬೈಗುಳಕ್ಕೆ ಹೆದರಿ ಅವರು ಸುಮ್ಮನೆ ಕಳೆದ ಎರಡು ಗಂಟೆಯಲ್ಲಿ ಜೀವಮಾನದ ಉಳಿತಾಯ ಕೈಬಿಟ್ಟಿರುತ್ತದೆ.

ಇಷ್ಟೆಲ್ಲದರ ನಡುವೆ ಒಬ್ಬ ಹಿರಿಯರನ್ನು ನೀನು ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ವಯಸ್ಸಾದವರಿಗೆ ಈ ಕಾಲ ಅರ್ಥವಾಗುವುದಿಲ್ಲ ಎನ್ನುವ ಮೊದಲು ಅವರನ್ನು ನೆನೆ. ಆ ಹಕ್ಕು ಸರ್ಕಾರದ ಎದುರು ಮಾತ್ರ ಅಲ್ಲ, ನಮ್ಮ ಮನೆಯೊಳಗೂ ನಡೆಯಬೇಕು ಅಂತ ನನ್ನ ಆಸೆ. ಅಮ್ಮನ ಮೆಸೇಜು ಅವಳನ್ನು ಕೇಳದೆ ಓದಬೇಡ. ಆಸ್ಪತ್ರೆಯ ಮಂಚದ ಮೇಲಿನ ತಾತನ ಫೋಟೋ ಸ್ಟೇಟಸ್ಸಿಗೆ ಹಾಕಬೇಡ.

ಅಂಗಡಿಯವರ ವಿಷಯವೂ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು "ನಗದು ಮಾತ್ರ" ಎಂದು ಬೋರ್ಡು ತೂಗಿಹಾಕಿದರು. ಆಮೇಲೆ ಸರ್ಕಾರ ಹಳೆಯ ಬಾಕಿ ಕೇಳುವುದಿಲ್ಲ ಎಂದಿತು. ತಪ್ಪು ಯಾರದೇ ಇರಲಿ, ಸೊಪ್ಪಿನ ಮುದುಕಿ ನಗದು ಕೇಳಿದರೆ ಅವಳೊಡನೆ ವಾದಿಸದೆ ಕೊಡು. ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇರಲಿ.

ಬರುವ ಭಾನುವಾರ ಅಜ್ಜಿಯ ಪಕ್ಕದಲ್ಲಿ ಕೂತುಕೋ. ಹಳೆಯ ಪಿನ್ನು ಬದಲಾಯಿಸಿ ಹೊಸದನ್ನು ಆಕೆಯೇ ಹಾಕಲಿ, ನಿನಗೆ ಹೇಳುವುದು ಬೇಡ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ 1930 ಎಂದು ದಪ್ಪಗೆ ಬರೆದಿಡು. ಆಮೇಲೆ ಪಕ್ಕದ ಮನೆಗೂ ಹೋಗಿ ಇದೇ ಕೆಲಸ ಮಾಡಿ ಬಾ.