ನಾಲ್ಕು ದಾರದ ಗಾಳಿಪಟ: ಮೊದಲು ನಿಲ್ಲಿಸೋದು ಕಲಿಯೋಣ

ಆಷಾಢದ ಗಾಳಿಗೆ ಬಾಲಂಗೋಚಿ ಕಟ್ಟಿ ಪಟ ಬಿಟ್ಟವರು ನಾವು. ನ್ಯೂಜೆರ್ಸಿಯ ವೈಲ್ಡ್‌ವುಡ್ ಕಡಲತೀರದಲ್ಲಿ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ನಡೆಯುವ ಗಾಳಿಪಟ ಉತ್ಸವದಲ್ಲಿ ಬೇರೆಯೇ ಪಟ ಕಾಣುತ್ತೆ: ನಾಲ್ಕು ದಾರ, ಎರಡು ಹಿಡಿ, ಹಿಂದಕ್ಕೂ ಹಾರುತ್ತೆ, ಗಾಳಿಯಲ್ಲೇ ನಿಲ್ಲುತ್ತೆ. 1980ರ ದಶಕದ ಕೊನೆಯಲ್ಲಿ ಸ್ಯಾನ್ ಡಿಯಾಗೋದ ಹ್ಯಾಡ್ಜಿಕಿ ಸೋದರರು ರೂಪಿಸಿದ ಮಾದರಿ ಇದು.

ಮೊದಲು ಜಾಗ. ಕಟ್ಟಡ, ಮರ ದಾಟಿ ಬರೋ ಗಾಳಿ ಸುಳಿಯಾಗುತ್ತೆ. ಹಾಗಾಗಿ ಕ್ಯಾಂಪಸ್ಸಿನ ಹುಲ್ಲುಹಾಸಿಗಿಂತ, ಸಮುದ್ರದಿಂದ ನೇರ ಗಾಳಿ ಬೀಸೋ ತೀರ ವಾಸಿ. ಗಂಟೆಗೆ 8ರಿಂದ 12 ಮೈಲಿ ವೇಗ ಸಾಕು.

ಆಮೇಲೆ ದಾರ. ನಾಲ್ಕೂ ಒಂದೇ ಉದ್ದ ಇರಬೇಕು. ಗೂಟಕ್ಕೆ ಸಿಕ್ಕಿಸಿ ಎಳೆದು ನೋಡಿ.

ಮೇಲಿನೆರಡು ದಾರ ಎಳೆದರೆ ಪಟ ಏರುತ್ತೆ; ಕೆಳಗಿನೆರಡು ಬ್ರೇಕು. ಹೊಸಬರು ಗಾಬರಿಯಾಗಿ ಇಡೀ ತೋಳನ್ನೇ ಹಿಂದಕ್ಕೆಳೀತಾರೆ; ಪಟದ ವೇಗ ಹೆಚ್ಚಿ ಮರಳಿಗೆ ಬಡಿಯುತ್ತೆ, ಕಡ್ಡಿ ಮುರಿಯುತ್ತೆ. ಅದರ ಬದಲು ಎರಡು ಹೆಜ್ಜೆ ಪಟದತ್ತ ನಡೀರಿ, ಎಳೆತ ಸಡಿಲಾಗುತ್ತೆ.

ಮೊದಲ ದಿನ ಇಷ್ಟೇ ಅಭ್ಯಾಸ: ಆಳೆತ್ತರ ಏರಿಸಿ, ಮಣಿಕಟ್ಟು ಬಾಗಿಸಿ ಹಿಡಿಯ ಕೆಳತುದಿಯನ್ನು ನಿಧಾನಕ್ಕೆ ನಿಮ್ಮತ್ತ ತಂದು ಪಟ ನಿಲ್ಲಿಸಿ, ಇಳಿಸಿ. ಇಪ್ಪತ್ತು ಸಲ ಮಾಡಿ. ನಿಲ್ಲಿಸೋದು ಕೈಗೆ ಬಂದರೆ ತಿರುಗಿಸೋದು ಕಷ್ಟವಲ್ಲ: ಬಲಗೈ ಬ್ರೇಕು ಒತ್ತಿದರೆ ಬಲಕ್ಕೆ, ಎಡಗೈದಾದರೆ ಎಡಕ್ಕೆ.

ಒಂದು ಮಾತು ಮರೀಬೇಡಿ. ಬಿಗಿಯಾದ ದಾರ ಚರ್ಮ ಕೊಯ್ಯುತ್ತೆ. ಮಕ್ಕಳು ಓಡಾಡೋ ಕಡೆ ಪಟ ಏರಿಸಲೇಬೇಡಿ.