ದಿಮ್ಮಿಯ ಅಳತೆ ಮತ್ತು ಮಾಧವನ ಶ್ರೇಢಿ



ದಾಂಡೇಲಿಯ ನಾಟಾ ಡಿಪೋದಲ್ಲಿ ಸಾಗವಾನಿ ದಿಮ್ಮಿಗಳ ರಾಶಿ ನೀವು ನೋಡೇ ಇರ್ತೀರಿ. ದುಂಡು ದಿಮ್ಮಿಯಲ್ಲಿ ಎಷ್ಟು ನಾಟಾ ಇದೆ ಎಂದು ಲೆಕ್ಕ ಹಾಕುವ ನಮ್ಮ ದೇಶದ ಹಳೆಯ ರೂಢಿಗೆ ‘ಕಾಲು ಸುತ್ತಳತೆ’ ಎನ್ನಬಹುದು. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಬೇಕು. ಸುತ್ತಳತೆ 2 ಮೀಟರ್, ಉದ್ದ 3 ಮೀಟರ್ ಇದ್ದರೆ:

0.5 × 0.5 × 3 = 0.75 ಘನ ಮೀಟರ್

ಆದರೆ ದಿಮ್ಮಿ ಚೌಕ ಅಲ್ಲ, ದುಂಡು. ಒಂದೇ ಹಗ್ಗದಿಂದ ಚೌಕ ಮಾಡಿದರೆ ಒಳಗಿನ ಜಾಗ ಕಡಿಮೆ, ವೃತ್ತ ಮಾಡಿದರೆ ಹೆಚ್ಚು. ವೃತ್ತದ ಲೆಕ್ಕದಲ್ಲಿ ಅದೇ ದಿಮ್ಮಿ ಸುಮಾರು 0.955 ಘನ ಮೀಟರ್. 0.75ನ್ನು ಇದರಿಂದ ಭಾಗಿಸಿದರೆ ಸುಮಾರು 0.785. ದಿಮ್ಮಿ ದಪ್ಪ ಇರಲಿ, ಸಣ್ಣ ಇರಲಿ, ಈ ಸಂಖ್ಯೆ ಬದಲಾಗೋದಿಲ್ಲ. ಇದು ಪೈಯ ಕಾಲು ಭಾಗ! ಅಂದರೆ ನೂರರಲ್ಲಿ 21 ಪಾಲಿಗಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಕೊಯ್ಯುವಾಗ ಹೋಗುವ ಚೆಕ್ಕೆ, ಹೊಟ್ಟಿಗೆ ಅಷ್ಟು ಬಿಟ್ಟಂತಾಗುತ್ತದೆ.

ಪೈ ಅಂದರೆ 22/7 ಅಂತ ನಮಗೆಲ್ಲ ಬಾಯಿಪಾಠ. ಆದರೆ ಅದು ಸಮೀಪದ ಬೆಲೆ ಮಾತ್ರ. ಯಾವ ಭಿನ್ನರಾಶಿಯೂ ಪೈಗೆ ಸರಿಯಾಗಿ ಸಮ ಆಗದು. ಹಾಗಾದರೆ ಇನ್ನೂ ಹತ್ತಿರ ಹೋಗುವುದು ಹೇಗೆ? ಕೇರಳದ ಸಂಗಮಗ್ರಾಮದ ಮಾಧವನು 14ನೇ ಶತಮಾನದಲ್ಲೇ ದಾರಿ ತೋರಿಸಿದನು:

ಪೈಯ ಕಾಲು ಭಾಗ = 1 − 1/3 + 1/5 − 1/7 + 1/9 − 1/11 ...

ಇದಕ್ಕೆ ಕೊನೆಯಿಲ್ಲ. ಅವನ ಶಿಷ್ಯಪರಂಪರೆಯ ಜ್ಯೇಷ್ಠದೇವನು 16ನೇ ಶತಮಾನದಲ್ಲಿ ಮಲಯಾಳ ಭಾಷೆಯಲ್ಲಿ ಬರೆದ ‘ಯುಕ್ತಿಭಾಷಾ’ದಲ್ಲಿ ಇದರ ವಿವರಣೆ ಇದೆ. ಯುರೋಪಿನಲ್ಲಿ ಲೈಬ್ನಿಟ್ಸ್ ಇದನ್ನು ಕಂಡದ್ದು 17ನೇ ಶತಮಾನದಲ್ಲಿ.

ನಾನು 6 ಪದಗಳವರೆಗೆ ಕೈಯಿಂದ ಮಾಡಿದೆ:

1 ಪದ: 1.000
2 ಪದ: 0.667
3 ಪದ: 0.867
4 ಪದ: 0.724
5 ಪದ: 0.835
6 ಪದ: 0.744

ನೋಡಿರಿ, ಜೋಕಾಲಿಯ ಹಾಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆದರೆ ಜೀಕು ಸಣ್ಣದಾಗುತ್ತಾ ಹೋಗುತ್ತದೆ. ನಿಜವಾದ ಬೆಲೆ 0.78540 ಯಾವಾಗಲೂ ಎರಡರ ನಡುವೆ ಇರುತ್ತದೆ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದರೆ ಈ ಕೂಡು-ಕಳೆ ಕ್ಷಣದಲ್ಲಿ ಮುಗಿಯುತ್ತದೆ. ಮೊದಲು ಮೊತ್ತ ಸೊನ್ನೆ ಇಟ್ಟು, ಒಂದೊಂದೇ ಪದ ಸೇರಿಸುತ್ತಾ, ಪ್ರತಿ ಸಲ ಚಿಹ್ನೆ ಬದಲಿಸು ಎಂದು ಹೇಳಬೇಕು. 1000 ಪದಕ್ಕೆ ಸಿಗುವುದು 0.78515. ಇಷ್ಟು ಮಾಡಿದರೂ ನಾಲ್ಕನೇ ದಶಮಾಂಶ ಸರಿಯಾಗಲಿಲ್ಲ!

ಇಲ್ಲೇ ಮಾಧವನ ಜಾಣತನ ಇರೋದು. ಲೆಕ್ಕ ನಿಲ್ಲಿಸಿದ ಮೇಲೆ ಒಂದು ತಿದ್ದುಪಡಿ ಮಾಡಬೇಕು. ಪದಗಳ ಸಂಖ್ಯೆಯನ್ನು 4ರಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿರಿ. ಕೊನೆಯ ಪದ ಕಳೆದಿದ್ದರೆ ಇದನ್ನು ಕೂಡಿಸಿರಿ, ಕೂಡಿಸಿದ್ದರೆ ಕಳೆಯಿರಿ. 6 ಪದಕ್ಕೆ:

0.74401 + 1/24 = 0.78568

ಕಾಗದದ ಮೇಲಿನ 6 ಪದ, ಯಂತ್ರದ 1000 ಪದಕ್ಕೆ ಹೆಚ್ಚುಕಡಿಮೆ ಸಮ ಆಯಿತು! ಯಂತ್ರದ ವೇಗ ಬೇಕು ಖರೆ, ಆದರೆ ಎಷ್ಟು ತಪ್ಪು ಉಳಿದಿದೆ ಎಂದು ಯೋಚಿಸುವವರೂ ಬೇಕು.

ನಿಮಗೊಂದು ಲೆಕ್ಕ: 7 ಪದಗಳಿಗೆ ತಿದ್ದುಪಡಿ ಸಮೇತ ಮಾಡಿ ನೋಡಿರಿ. 0.785 ಬಂದರೆ ಸರಿ.