ಊರಿನ ಡ್ರೈವ್, ಕುವೈತ್‌ನ ಲ್ಯಾಪ್‌ಟಾಪ್

ಸ್ಕಾಲರ್‌ಶಿಪ್ ಅರ್ಜಿಗೆ ಮರುದಿನವೇ ಕೊನೆ. ಆರನೇ ಸೆಮಿಸ್ಟರ್ ಅಂಕಪಟ್ಟಿಯ ಸ್ಕ್ಯಾನ್ ಇದ್ದದ್ದು ಹಾಸನದ ಮನೆಯಲ್ಲಿ, ರೌಟರ್‌ಗೆ ಚುಚ್ಚಿಟ್ಟ ಹಾರ್ಡ್ ಡ್ರೈವ್‌ನಲ್ಲಿ. ನಾನಿದ್ದದ್ದು ಸಾಲ್ಮಿಯಾದಲ್ಲಿ. ಇಲ್ಲಿ ರಾತ್ರಿ ಒಂಬತ್ತು ಅಂದ್ರೆ ಅಲ್ಲಿ ಹನ್ನೊಂದೂವರೆ. ಅಪ್ಪ ನಿದ್ದೆಗಣ್ಣಲ್ಲೇ ಎದ್ದು, ಡ್ರೈವ್ ಕಿತ್ತು ಕಂಪ್ಯೂಟರ್‌ಗೆ ಹಾಕಿ, ಫೈಲ್ ಹುಡುಕಿ ಕಳಿಸೋ ಹೊತ್ತಿಗೆ ಒಂದು ಗಂಟೆ. "ಮನೇಲಿದ್ದಾಗ ಫೋನಲ್ಲೇ ತೆಗೀತಿದ್ದೆ, ಅಲ್ಲಿಂದ ಯಾಕೋ ಆಗಲ್ಲ?" ಅಂದರು. ಇಂಜಿನಿಯರಿಂಗ್ ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಯಾಕೆ ಸಿಗಲ್ಲ?

ಡ್ರೈವ್‌ನ ವಿಳಾಸ 192.168.1.1 ಥರದ್ದು. ಅದು ಮನೆಯೊಳಗಿನ ವಿಳಾಸ; "ನಡುಮನೆ ಪಕ್ಕದ ಕೋಣೆ" ಅಂದ ಹಾಗೆ. ಹೊರಗಿನವರಿಗೆ ಬೀದಿಯ ವಿಳಾಸ, ಅಂದರೆ ಪಬ್ಲಿಕ್ ಐಪಿ ಬೇಕು. ಐಪಿವಿ4 ವಿಳಾಸಗಳ ಕೊರತೆಯಿಂದ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತವೆ. ಇದೇ ಸಿಜಿನ್ಯಾಟ್.

ಪರೀಕ್ಷೆ ಸುಲಭ. ರೌಟರ್ ಪುಟದಲ್ಲಿ ಕಾಣುವ ವ್ಯಾನ್ ಐಪಿಯನ್ನೂ, "ನನ್ನ ಐಪಿ ಯಾವುದು" ಎಂದು ಹುಡುಕಿದಾಗ ಸಿಗುವ ಐಪಿಯನ್ನೂ ಹೋಲಿಸಿ. ಎರಡೂ ಬೇರೆಯಾಗಿದ್ದು, ಮೊದಲನೆಯದು 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಆಗ ಪೋರ್ಟ್ ಫಾರ್ವರ್ಡಿಂಗ್, ಡಿಡಿಎನ್‌ಎಸ್ ಏನು ಮಾಡಿದರೂ ಪ್ರಯೋಜನವಿಲ್ಲ.

ಮಾಡಬಾರದ್ದು

ಪಬ್ಲಿಕ್ ಐಪಿ ಇದ್ದರೂ ಫೈಲ್ ಶೇರಿಂಗ್‌ನ 445ನೇ ಪೋರ್ಟನ್ನು ಹೊರಗೆ ತೆರೆಯಬೇಡಿ. ಮೇ 2017ರಲ್ಲಿ ವನ್ನಾಕ್ರೈ ಜಗತ್ತಿನ ತುಂಬ ಹರಡಿದ್ದು ಇದೇ ದಾರಿಯಲ್ಲಿ. ಮಾಮೂಲಿ ಎಫ್‌ಟಿಪಿಯೂ ಬೇಡ; ಅದರಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ.

ಮಾಡಬೇಕಾದ್ದು

ಪಬ್ಲಿಕ್ ಐಪಿ ಇದ್ದು, ರೌಟರ್‌ನಲ್ಲೇ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಇದ್ದರೆ ಅದನ್ನು ಆನ್ ಮಾಡಿ, ಡಿಡಿಎನ್‌ಎಸ್ ಹೆಸರು ಕೊಡಿ. ಸಿಜಿನ್ಯಾಟ್ ಇದ್ದರೆ ಮನೆಯಲ್ಲಿ ಸದಾ ಆನ್ ಇರುವ ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈಗೆ ಟೇಲ್‌ಸ್ಕೇಲ್ ಹಾಕಿ, ಸಬ್‌ನೆಟ್ ರೌಟರ್ ಮಾಡಿ. ಸಂಪರ್ಕ ಮನೆಯ ಒಳಗಿನಿಂದಲೇ ಹೊರಡುವುದರಿಂದ ಪೋರ್ಟ್ ತೆರೆಯೋ ಗೋಜಿಲ್ಲ. ಆ ಯಂತ್ರದ ಕೀ ಎಕ್ಸ್‌ಪೈರಿಯನ್ನು ನಿಲ್ಲಿಸಿ. ಇಲ್ಲದಿದ್ದರೆ ಸಾಮಾನ್ಯವಾಗಿ 180 ದಿನಕ್ಕೆ ಮತ್ತೆ ಲಾಗಿನ್ ಕೇಳುತ್ತದೆ, ಆಗ ನೀವು ಊರಲ್ಲಿರುವುದಿಲ್ಲ.

ಇನ್ನೊಂದು ತೊಡಕು ನನಗೆ ಎರಡು ದಿನ ತಿಂದಿತು. ಊರಲ್ಲೂ ಇಲ್ಲೂ ರೌಟರ್ 192.168.1 ಸಾಲಿನಲ್ಲೇ ಇತ್ತು. ಲ್ಯಾಪ್‌ಟಾಪ್ ಇಲ್ಲಿನ ರೌಟರನ್ನೇ ಹುಡುಕುತ್ತಿತ್ತು. ಊರಿನದನ್ನು 192.168.50ಕ್ಕೆ ಬದಲಿಸಿದ ಮೇಲೆ ಸರಿಹೋಯಿತು.

ವೇಗದ ಲೆಕ್ಕ

ಇಲ್ಲಿನ ಡೌನ್‌ಲೋಡ್ ಎಷ್ಟೇ ಇರಲಿ, ಊರಿನ ಅಪ್‌ಲೋಡ್ ಮುಖ್ಯ. 10 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ 1.25 ಎಂಬಿ. 1 ಜಿಬಿಗೆ ಕಡಿಮೆ ಅಂದ್ರೂ 13 ನಿಮಿಷ. ಅಂಕಪಟ್ಟಿಗೆ ಧಾರಾಳ, ಸಿನಿಮಾಗೆ ತಾಳ್ಮೆ ಬೇಕು.

ಕೊನೆಯ ಮಾತು

ಕರೆಂಟ್ ಹೋದಾಗ ಡ್ರೈವ್ ಕೆಡಬಹುದು. ರೌಟರನ್ನೂ ಡ್ರೈವನ್ನೂ ಯುಪಿಎಸ್‌ಗೆ ಹಾಕಿಸಿ. ದೂರದಿಂದ ತೆರೆಯಲು ಬಂದ ಮಾತ್ರಕ್ಕೆ ಅದು ಬ್ಯಾಕಪ್ ಅಲ್ಲ. ಸಂಪರ್ಕ ಸಿಕ್ಕ ದಿನ ಫೋಲ್ಡರ್ ತಡಕಾಡುವಾಗ ತೀರಿಹೋದ ಅಜ್ಜಿಯ ಸೋಬಾನೆ ಪದಗಳ ರೆಕಾರ್ಡಿಂಗ್ ಸಿಕ್ಕಿತು. ಅದರ ಒಂದೇ ಪ್ರತಿ ಇತ್ತು, ಅದೂ ಎಂಟು ವರ್ಷದ ಹಳೇ ಡ್ರೈವಲ್ಲಿ. ಅಂಕಪಟ್ಟಿಯನ್ನು ಮತ್ತೆ ತರಿಸಬಹುದು, ಇದನ್ನು ತರಿಸೋದು ಎಲ್ಲಿಂದ? ಅವತ್ತೇ ಇಲ್ಲಿಗೊಂದು, ಕ್ಲೌಡ್‌ಗೊಂದು ಪ್ರತಿ ಮಾಡಿದೆ.

ರಜೆಗೆ ಊರಿಗೆ ಹೋದಾಗಲೇ ಇದನ್ನೆಲ್ಲ ಜೋಡಿಸಿ, ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ. ವಿಮಾನ ಹತ್ತಿದ ಮೇಲೆ ಮತ್ತೆ ಅಪ್ಪನೇ ಎದ್ದು ಕೂರಬೇಕಾಗುತ್ತದೆ.